ಓದುಗರ ಪ್ರಶ್ನೆ: ಡ್ಯಾನ್ಯೂಬ್ ದಡದಿಂದ ಉತ್ತರ

ಹೋದ ಸಂಚಿಕೆಯಲ್ಲಿ ಮಗಳ ಮನೆಯಿರುವ ವಿಯೆನ್ನಾ ಬಗ್ಗೆ ಬರೆದಿದ್ದೆ. ಡ್ಯಾನ್ಯೂಬ್ ನದಿಯ ಹೆಸರು ಅದರಲ್ಲಿ ನಾಲ್ಕೈದು ಸಲ ಬಂದಿತ್ತು, ಅಷ್ಟೆ. ಆದರೆ ಬಂದ ಪತ್ರಗಳಲ್ಲಿ ಅರಮನೆಗಳ ವಿಚಾರ ಕೇಳಿದವರು ಇಬ್ಬರು, ನದಿಯನ್ನು ಕೇಳಿದವರು ಹದಿನೇಳು ಮಂದಿ! ಮೂವತ್ತೊಂದು ವರ್ಷ ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಗೋಡೆಗೆ ತೂಗುಹಾಕಿದ ಯೂರೋಪಿನ ನಕ್ಷೆಯ ಮೇಲೆ ಆ ನೀಲಿ ಗೆರೆಯನ್ನು ಕೋಲಿನಿಂದ ತೋರಿಸಿದ್ದೇ ತೋರಿಸಿದ್ದು. ನಿವೃತ್ತಿಯ ನಂತರ ಮೂರು ಸಲ ಅದರ ದಡದಲ್ಲಿ ತಿಂಗಳುಗಟ್ಟಲೆ ಓಡಾಡಿದ ಮೇಲೆ, ಗೆರೆ ತೋರಿಸಿ ಮುಂದಕ್ಕೆ ಹೋಗುತ್ತಿದ್ದ ಆ ಪಾಠಗಳಿಗೆ ಇನ್ನೊಂದಿಷ್ಟು ಸೇರಿಸಬೇಕೆನಿಸಿದೆ. ಈ ತಿಂಗಳ ಅಂಕಣ ಪೂರ್ತಿ ಆ ನದಿಗೆ.

ಡ್ಯಾನ್ಯೂಬ್ ನಿಜವಾಗಿಯೂ ನೀಲಿಯೇ? ಚಿತ್ರಗಳಲ್ಲಿ ಒಮ್ಮೆ ಹಸಿರಾಗಿ, ಒಮ್ಮೆ ಕಂದಾಗಿ ಕಾಣುತ್ತದೆ.
– ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಚಿತ್ರಗಳು ಸರಿಯಾಗಿಯೇ ಹೇಳುತ್ತಿವೆ, ಮಗಳೇ. ‘ನೀಲಿ ಡ್ಯಾನ್ಯೂಬ್’ ಎಂಬ ಹೆಸರು ಲೋಕಕ್ಕೆಲ್ಲ ಹರಡಿದ್ದು 1867ರಲ್ಲಿ ಮೊದಲ ಸಲ ಕೇಳಿಬಂದ, ಯೊಹಾನ್ ಸ್ಟ್ರಾಸ್ ರಚಿಸಿದ ವಾಲ್ಟ್ಸ್ ಸಂಗೀತದಿಂದ. ನಾನು ಅದನ್ನು ನೀಲಿಯಾಗಿ ಕಂಡಿದ್ದು ಒಂದೇ ದಿನ. ಮೋಡವಿಲ್ಲದ ಚಳಿಗಾಲದ ಮಧ್ಯಾಹ್ನ, ಅದೂ ಆಕಾಶದ ಪ್ರತಿಬಿಂಬ. ಮೇ, ಜೂನ್ ತಿಂಗಳಲ್ಲಿ ಆಲ್ಪ್ಸ್ ಪರ್ವತದ ಹಿಮ ಕರಗಿ ಬರುವಾಗ ನೀರು ಅಕ್ಕಿ ತೊಳೆದ ಕಲಗಚ್ಚಿಗೆ ಸ್ವಲ್ಪ ಹಸಿರು ಬೆರೆಸಿದ ಹಾಗಿರುತ್ತದೆ. ದೊಡ್ಡ ಮಳೆಯಾದರೆ ಕಂದು. ಸೆಪ್ಟೆಂಬರಿನಲ್ಲಿ ತಿಳಿಯಾದ ಹಸಿರು.

ಬಣ್ಣ ಎಲ್ಲಿಂದ ಬರುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಜರ್ಮನಿಯ ಪಾಸೌ ಪಟ್ಟಣಕ್ಕೆ ಹೋಗಬೇಕು. ಅಲ್ಲಿ ಮೂರು ನದಿಗಳ ಸಂಗಮ. ಆಲ್ಪ್ಸ್‌ನಿಂದ ಕಲ್ಲಿನ ಹಿಟ್ಟನ್ನು ಹೊತ್ತು ತರುವ ಇನ್ ನದಿ ಬೂದುಹಸಿರು. ಕೊಳೆತ ಪಾಚಿಯ ಜೌಗು ನೆಲದಿಂದ ಇಳಿದು ಬರುವ ಪುಟ್ಟ ಇಲ್ಟ್ಸ್ ಹೆಚ್ಚುಕಡಿಮೆ ಕಪ್ಪು. ಕೋಟೆಯ ಮೇಲೆ ನಿಂತರೆ ಮೂರು ಬಣ್ಣಗಳು ಬಹಳ ದೂರದವರೆಗೆ ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುವುದು ಕಾಣುತ್ತದೆ. ವರ್ಷದ ಸರಾಸರಿ ತೆಗೆದರೆ ಅಲ್ಲಿ ಡ್ಯಾನ್ಯೂಬ್‌ಗಿಂತ ಇನ್ ನದಿಯಲ್ಲೇ ನೀರು ಹೆಚ್ಚು. ಆದರೂ ಮುಂದೆ ಹೆಸರು ಉಳಿಯುವುದು ಡ್ಯಾನ್ಯೂಬ್‌ನದೇ.

ನಾವು ಮ್ಯೂನಿಕ್‌ನಲ್ಲಿ ಇದ್ದೇವೆ. ಆಗಸ್ಟಿನಲ್ಲಿ ಮಕ್ಕಳೊಂದಿಗೆ ಇಮ್ಮೆಂಡಿಂಗೆನ್ ಎಂಬ ಊರಿಗೆ ಹೋಗಿದ್ದೆವು. ಡ್ಯಾನ್ಯೂಬ್‌ನಲ್ಲಿ ನೀರೇ ಇರಲಿಲ್ಲ, ಮಕ್ಕಳು ನದಿಯೊಳಗೆ ನಡೆದಾಡಿದರು. ನದಿ ಎಲ್ಲಿಗೆ ಹೋಯಿತು ಎಂದು ಮಗ ಕೇಳಿದ. ಉತ್ತರ ಗೊತ್ತಿರಲಿಲ್ಲ, ಮೇಡಂ.
– ಸಾಫ್ಟ್‌ವೇರ್ ಉದ್ಯೋಗಿ, ಮ್ಯೂನಿಕ್

ನಿಮ್ಮ ಮಗನಿಗೆ ಹೇಳಿ: ನದಿ ರೈನ್ ನದಿಗೆ ಹೋಯಿತು!

ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳಲ್ಲಿ ಹುಟ್ಟುವ ಬ್ರೆಗ್, ಬ್ರಿಗಾಖ್ ಎಂಬ ಎರಡು ತೊರೆಗಳು ಡೊನಾವೆಶಿಂಗೆನ್ ಪಟ್ಟಣದ ಬಳಿ ಕೂಡಿ ಡ್ಯಾನ್ಯೂಬ್ ಆಗುತ್ತವೆ. ಅಲ್ಲಿಂದ ಸ್ವಲ್ಪ ದೂರ ಬರುತ್ತಲೇ ಇಮ್ಮೆಂಡಿಂಗೆನ್. ಆ ನೆಲದಡಿಯಲ್ಲಿರುವುದು ಸುಣ್ಣಕಲ್ಲು. ಸುಣ್ಣಕಲ್ಲನ್ನು ನೀರು ಕರಗಿಸುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಬಿರುಕುಗಳು ಹಿಗ್ಗಿ ಸುರಂಗಗಳಾಗಿವೆ. ನದಿಯ ತಳದ ಆ ಬಿರುಕುಗಳಲ್ಲಿ ನೀರು ಇಳಿದು ಹೋಗುತ್ತದೆ. ಬೇಸಿಗೆಯಲ್ಲಿ ಹರಿವು ಕಡಿಮೆಯಾದಾಗ ಪೂರ್ತಿ ನದಿಯೇ ಇಳಿದು ಹೋಗಿ ಪಾತ್ರ ಬರಿದಾಗುತ್ತದೆ. ಮುಂದೆ ಟುಟ್‌ಲಿಂಗೆನ್ ಕಡೆಯ ಹಳ್ಳಗಳು ಬಂದು ಸೇರಿ ಮತ್ತೆ ನದಿ ಎನ್ನಿಸಿಕೊಳ್ಳುತ್ತದೆ.

ಇಳಿದ ನೀರಿನ ಗತಿ ಏನು ಎಂಬುದನ್ನು 1877ರಲ್ಲಿ ಕಾರ್ಲ್ಸ್‌ರೂಹೆಯ ಪ್ರಾಧ್ಯಾಪಕ ಅಡಾಲ್ಫ್ ಕ್ನೋಪ್ ಪತ್ತೆಹಚ್ಚಿದರು. ಅವರು ಆ ಬಿರುಕುಗಳಿಗೆ ಸುರಿಸಿದ್ದು 20 ಟನ್ ಉಪ್ಪು, 1,200 ಕಿಲೋ ಕಲ್ಲೆಣ್ಣೆ, 10 ಕಿಲೋ ಹೊಳೆಯುವ ಹಸಿರು ಬಣ್ಣ. ಸುಮಾರು ಅರವತ್ತು ಗಂಟೆ ಕಳೆದ ಮೇಲೆ, ಹನ್ನೆರಡು ಕಿಲೋಮೀಟರ್ ಆಚೆ, ಬೆಟ್ಟದ ಇನ್ನೊಂದು ಮಗ್ಗುಲಿನ ಆಖ್ ಬುಗ್ಗೆಯಲ್ಲಿ ನೀರು ಹಸಿರಾಗಿ ಹೊಳೆಯಿತು, ಬಾಯಿಗೆ ಉಪ್ಪಾಯಿತು, ಎಣ್ಣೆಯ ವಾಸನೆ ಹೊಡೆಯಿತು. ಆ ಬುಗ್ಗೆಯ ನೀರು ಬೋಡೆನ್ ಸರೋವರ ಸೇರುತ್ತದೆ, ಸರೋವರದಿಂದ ರೈನ್ ನದಿಗೆ, ರೈನ್‌ನಿಂದ ಉತ್ತರ ಸಮುದ್ರಕ್ಕೆ. ಕಪ್ಪು ಸಮುದ್ರಕ್ಕೆಂದು ಹೊರಟ ನೀರು ಉತ್ತರ ಸಮುದ್ರದಲ್ಲಿ! ನಕ್ಷೆಯಲ್ಲಿ ಎರಡು ನದಿಗಳ ನಡುವೆ ನಾವು ಎಳೆಯುವ ಜಲವಿಭಾಜಕ ರೇಖೆ ನೆಲದ ಮೇಲಿನ ಮಾತು ಮಾತ್ರ. ಇದು ನನಗೆ ಮೊದಲೇ ತಿಳಿದಿದ್ದರೆ ಒಂಬತ್ತನೇ ತರಗತಿಯ ಪಾಠ ಎಷ್ಟು ರಂಗೇರುತ್ತಿತ್ತೋ!

ವಿಯೆನ್ನಾದ ನದಿದಂಡೆಯ ಫಲಕದಲ್ಲಿ 1929 ಎಂಬ ಅಂಕಿ ಇದೆ ಎಂದು ಬರೆದಿದ್ದಿರಿ. ಅದು ಇಸವಿಯೇ?
– ಬಸ್ ನಿರ್ವಾಹಕರು, ಹಾವೇರಿ

ಅಲ್ಲ, ಕಿಲೋಮೀಟರು. ಡ್ಯಾನ್ಯೂಬ್ ಅನ್ನು ಸಮುದ್ರದ ಕಡೆಯಿಂದ ಮೇಲಕ್ಕೆ ಅಳೆಯುತ್ತಾರೆ. ರೊಮೇನಿಯಾದ ಸುಲಿನಾದಲ್ಲಿ ಸೊನ್ನೆ. ವಿಯೆನ್ನಾದ ರೈಖ್ಸ್ ಸೇತುವೆಗೆ ಬರುವಾಗ 1,929. ನದಿಯ ಒಟ್ಟು ಉದ್ದ ಸುಮಾರು 2,850 ಕಿಲೋಮೀಟರ್. ಹತ್ತು ದೇಶಗಳನ್ನು ಮುಟ್ಟಿ ಹರಿಯುವ ನದಿ ಲೋಕದಲ್ಲಿ ಇನ್ನೊಂದಿಲ್ಲ. ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ಎಂಬ ನಾಲ್ಕು ರಾಜಧಾನಿಗಳು ಅದರ ದಡದಲ್ಲಿವೆ.

ಪುಸ್ತಕದ ಮಾತು ಬೇಡ. ನೀವೇ ಕಣ್ಣಿನಿಂದ ಕಂಡ ಪ್ರಾಣಿ ಪಕ್ಷಿಗಳ ಬಗ್ಗೆ ಹೇಳಿ.
– ಕಾಫಿ ಬೆಳೆಗಾರರು, ಸಕಲೇಶಪುರ

ಸಂತೋಷದಿಂದ ಹೇಳುತ್ತೇನೆ.

ವಿಯೆನ್ನಾದಿಂದ ಪೂರ್ವಕ್ಕೆ, ಸ್ಲೊವಾಕಿಯಾದ ಗಡಿಯವರೆಗೆ, ನದಿಯ ಎರಡೂ ಬದಿಯಲ್ಲಿ ಒಂದು ಕಾಡಿದೆ. ನದಿ ಉಕ್ಕಿದಾಗ ಮುಳುಗುವ, ಇಳಿದಾಗ ಕೆಸರು ಕೊಡವಿಕೊಂಡು ಏಳುವ ಕಾಡು. ಜರ್ಮನ್ ಭಾಷೆಯಲ್ಲಿ ಇಂಥ ಕಾಡಿಗೆ ‘ಔ’ ಎಂಬ ಒಂದಕ್ಷರದ ಹೆಸರು. ವಿಲ್ಲೋ, ಪಾಪ್ಲರ್ ಮರಗಳು, ಅವುಗಳ ನಡುವೆ ಮುಖ್ಯ ಹರಿವಿನಿಂದ ಕವಲೊಡೆದ ನಿಧಾನದ ಕಾಲುವೆಗಳು. 1996ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು.

ಕಳೆದ ಜೂನ್‌ನಲ್ಲಿ ಹೈನ್‌ಬುರ್ಗ್ ಪಟ್ಟಣದ ಎದುರು ದಡದಲ್ಲಿ, ಬಿದ್ದ ಮರವೊಂದರ ಮೇಲೆ ಕುಳಿತು ಬುತ್ತಿ ಬಿಚ್ಚಿದ್ದೆ. ನೀರಿನ ಮೇಲೆ ನೀಲಿ ಗೆರೆ ಎಳೆದಂತೆ ಏನೋ ಹಾಯಿತು. ಎದುರಿನ ರೆಂಬೆಯ ಮೇಲೆ ಕುಳಿತಾಗ ನೋಡಿದರೆ ನಮ್ಮದೇ ಸಣ್ಣ ಮಿಂಚುಳ್ಳಿ! ‘ನಮ್ಮಲ್ಲಿರುವಂಥದ್ದು’ ಎಂದಲ್ಲ, ಅದೇ ಜಾತಿ. ಹೇಮಾವತಿ ನಾಲೆಯ ಮೇಲಿನ ತಂತಿಯಲ್ಲಿ ಕೂರುವ, ಎದೆ ಕೇಸರಿ ಬೆನ್ನು ನೀಲಿಯ ಆ ಗುಪ್ಪೆ ಹಕ್ಕಿ. ಮನೆಯಿಂದ ಅಷ್ಟು ದೂರದಲ್ಲಿ ಪರಿಚಿತ ಮುಖ ಕಂಡು ಕಣ್ಣು ತುಂಬಿ ಬಂತು.

ಅದರ ಕೊಕ್ಕಿನಲ್ಲಿ ಬೆಳ್ಳಿಯ ಬಣ್ಣದ ಸಣ್ಣ ಮೀನು. ಮೀನಿನ ತಲೆ ಹೊರಮುಖವಾಗಿತ್ತು. ಮಿಂಚುಳ್ಳಿ ತಾನು ನುಂಗುವುದಾದರೆ ಮೀನಿನ ತಲೆಯನ್ನು ತನ್ನ ಗಂಟಲಿನ ಕಡೆ ತಿರುಗಿಸಿಕೊಳ್ಳುತ್ತದೆ. ಹೊರಮುಖವಾಗಿ ಹಿಡಿದಿದೆ ಎಂದರೆ ಇನ್ನೊಬ್ಬರ ಬಾಯಿಗಿಡಲು ಎಂದು ಅರ್ಥ. ಹಾಗಾದರೆ ಗೂಡು ಹತ್ತಿರವೇ ಇರಬೇಕು. ಬುತ್ತಿ ಮುಚ್ಚಿಟ್ಟು ಅಲ್ಲಾಡದೆ ಕುಳಿತೆ. ಕಡಿದಾದ ಮಣ್ಣಿನ ದಂಡೆಯ ಮೇಲ್ಭಾಗದಲ್ಲಿ ಮುಷ್ಟಿ ಹಿಡಿಯುವಷ್ಟು ಒಂದು ಬಿಲ, ಅದರ ಬಾಯಿಯಿಂದ ಕೆಳಕ್ಕೆ ಸುಣ್ಣ ಬಳಿದಂತೆ ಹಿಕ್ಕೆಯ ಬಿಳಿ ಗೆರೆ. ಹಕ್ಕಿ ನೇರವಾಗಿ ಒಳಗೆ ನುಗ್ಗಿತು. ಹೊರಬಂದಾಗ ಕೊಕ್ಕು ಖಾಲಿ. ಬಂದದ್ದೇ ನೀರಿಗೆ ಎರಡು ಸಲ ಮುಳುಗು ಹಾಕಿ ಮೈ ತೊಳೆದುಕೊಂಡಿತು. ಮೀನಿನ ಮುಳ್ಳಿನ ಮೇಲೆ ಮರಿಗಳು ಮಲಗುವ ಗೂಡು ಅದು, ಒಳಗೆ ಹೋಗಿ ಬಂದವರು ತೊಳೆದುಕೊಳ್ಳಲೇಬೇಕು.

ಆ ದಂಡೆಯ ಕಥೆ ಕೇಳಿ. ಹತ್ತೊಂಬತ್ತನೇ ಶತಮಾನದಲ್ಲಿ ಹಡಗುಗಳಿಗಾಗಿ ನದಿಯನ್ನು ನೇರ ಮಾಡಿ, ದಡಕ್ಕೆ ದಿಂಡುಗಲ್ಲುಗಳನ್ನು ಪೇರಿಸಿದರು. ಕಲ್ಲು ಕಟ್ಟಿದ ದಡವನ್ನು ನದಿ ಕೊರೆಯಲಾರದು. ಕೊರೆಯದಿದ್ದರೆ ಕಡಿದಾದ ಮಣ್ಣಿನ ಗೋಡೆ ಇಲ್ಲ. ಗೋಡೆ ಇಲ್ಲದಿದ್ದರೆ ಮಿಂಚುಳ್ಳಿಗೆ ಮನೆ ಇಲ್ಲ. 2005-06ರ ಸುಮಾರಿಗೆ ಹೈನ್‌ಬುರ್ಗ್ ಎದುರಿನ ಸುಮಾರು ಮೂರು ಕಿಲೋಮೀಟರ್ ದಡದಿಂದ ಆ ಕಲ್ಲುಗಳನ್ನು ಯಂತ್ರಗಳಿಂದ ಎತ್ತಿ ತೆಗೆದರು. ಆಮೇಲಿನ ಕೆಲಸವನ್ನೆಲ್ಲ ನದಿಯೇ ಮಾಡಿತು. ಮಣ್ಣು ಕುಸಿಯಿತು, ಮರಗಳು ಉರುಳಿ ನೀರಿಗೆ ಬಿದ್ದವು, ಬಿದ್ದ ರೆಂಬೆಗಳ ಸಂದಿಯಲ್ಲಿ ಮೀನಿನ ಮರಿಗಳು ಸೇರಿಕೊಂಡವು. ನಾನು ಕುಳಿತಿದ್ದ ಮರವೂ ಹಾಗೆ ಉರುಳಿದ್ದೇ ಇರಬೇಕು. ನಮ್ಮ ಕಣ್ಣಿಗೆ ದಡ ಹಾಳಾದಂತೆ ಕಾಣುವ ಜಾಗ ಅದು. ಆ ಹಕ್ಕಿಗೆ ಅದೇ ನೆಲೆ.

ಬೀವರ್ ಬಗ್ಗೆಯೂ ಹೇಳಬೇಕು. ದೊಡ್ಡ ಇಲಿಯ ವಂಶದ, ಚಪ್ಪಟೆ ಬಾಲದ ಈ ಪ್ರಾಣಿಯನ್ನು ಆಸ್ಟ್ರಿಯಾದಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ಬೇಟೆಯಾಡಿ ಮುಗಿಸಿದ್ದರು. 1976ರಿಂದ ಬೇರೆ ಕಡೆಯಿಂದ ತಂದು ವಿಯೆನ್ನಾದ ಕೆಳಗಿನ ಈ ಕಾಡಿನಲ್ಲಿ ಬಿಟ್ಟರು. ಈಗ ನಗರದೊಳಗಿನ ನೀರಿನಲ್ಲೂ ಇವೆ. ಮುಸ್ಸಂಜೆ ಹೊತ್ತಿನಲ್ಲಿ ತಲೆ ಮಾತ್ರ ನೀರಿನ ಮೇಲಿಟ್ಟು ತೇಲಿಹೋಗುವುದನ್ನು ಎರಡು ಸಲ ಕಂಡೆ. ಅದಕ್ಕಿಂತ ನನಗೆ ಹಿಡಿಸಿದ್ದು ಅದು ಕಡಿದ ಮರ. ಸುತ್ತಲೂ ಕೊರೆದು ಕೊರೆದು ನಡು ಸಣ್ಣಗಾಗಿ ಥೇಟ್ ಡಮರುಗದ ಹಾಗೆ ನಿಂತಿತ್ತು. ಬೆರಳಿಟ್ಟರೆ ಹಲ್ಲಿನ ಒಂದೊಂದು ಗೀರೂ ಕೈಗೆ ಸಿಗುತ್ತಿತ್ತು. ಬುಡದಲ್ಲಿ ಬಿದ್ದಿದ್ದ ಚಕ್ಕೆಗಳು ಬಡಗಿಯ ಅಂಗಳದವಂತೆ. ಅದರ ಹಲ್ಲಿನ ಹೊರಪದರದಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅದು ಕಿತ್ತಳೆ ಬಣ್ಣಕ್ಕೆ ಇರುತ್ತದೆ, ಬಲು ಗಟ್ಟಿ. ಒಂದು ಮಾತು: ಬೀವರ್ ಮೀನು ತಿನ್ನುವುದಿಲ್ಲ. ತೊಗಟೆ, ಎಲೆ, ಹುಲ್ಲು ಅದರ ಊಟ.

ಬಿಳಿಬಾಲದ ದೊಡ್ಡ ಹದ್ದನ್ನು ಒಮ್ಮೆ ಎತ್ತರದಲ್ಲಿ ಕಂಡೆ. ಆಸ್ಟ್ರಿಯಾದಲ್ಲಿ ಗೂಡು ಕಟ್ಟುವುದನ್ನೇ ಬಿಟ್ಟಿದ್ದ ಈ ಹಕ್ಕಿ 2001ರಿಂದ ಮತ್ತೆ ಅಲ್ಲಿ ಮರಿ ಮಾಡುತ್ತಿದೆ. ಆಮೆಯನ್ನು ಎಷ್ಟು ಹುಡುಕಿದರೂ ಕಾಣಲಾಗಲಿಲ್ಲ.

ಮೇಡಂ, 1984ರಲ್ಲಿ ಹೈನ್‌ಬುರ್ಗ್‌ನಲ್ಲಿ ಜನ ಅಣೆಕಟ್ಟು ನಿಲ್ಲಿಸಿದ್ದನ್ನು ತಾವು ಹೊಗಳಿದ್ದೀರಿ. ಜಲವಿದ್ಯುತ್ ಹೊಗೆಯಿಲ್ಲದ ವಿದ್ಯುತ್. ನನ್ನ ಪ್ರಕಾರ ಅದು ತಪ್ಪು ತೀರ್ಮಾನ.
– ನಿವೃತ್ತ ವಿದ್ಯುತ್ ಎಂಜಿನಿಯರ್, ಶಿವಮೊಗ್ಗ

ಸರ್, ತಮ್ಮ ಆಕ್ಷೇಪಣೆಯನ್ನು ಗೌರವದಿಂದ ಓದಿದೆ. ಹೊಗೆಯ ಮಾತು ನಿಜ. ಆಸ್ಟ್ರಿಯಾವೂ ಅದನ್ನು ಅಲ್ಲಗಳೆದಿಲ್ಲ. ಆ ದೇಶದಲ್ಲಿ ಡ್ಯಾನ್ಯೂಬ್ ಹರಿಯುವುದು ಸುಮಾರು 350 ಕಿಲೋಮೀಟರ್. ಅದರ ಉದ್ದಕ್ಕೂ ಒಂದರ ಕೆಳಗೊಂದು ವಿದ್ಯುದಾಗಾರಗಳಿವೆ. ತಡೆಯಿಲ್ಲದೆ ಹರಿಯುವ ತುಂಡುಗಳು ಎರಡೇ: ದ್ರಾಕ್ಷಿತೋಟಗಳ ವಾಖಾವ್ ಕಣಿವೆ, ಮತ್ತು ವಿಯೆನ್ನಾದ ಪೂರ್ವದ ಈ ಕಾಡು. 1984ರ ಪ್ರಶ್ನೆ ವಿದ್ಯುತ್ ಬೇಕೋ ಬೇಡವೋ ಎಂಬುದಾಗಿರಲಿಲ್ಲ, ಉಳಿದ ಎರಡರಲ್ಲಿ ಒಂದನ್ನೂ ಕೊಡಬೇಕೇ ಎಂಬುದಾಗಿತ್ತು.

ಆ ಡಿಸೆಂಬರಿನ ಕೊರೆಯುವ ಚಳಿಯಲ್ಲಿ ಸಾವಿರಾರು ಮಂದಿ, ಹೆಚ್ಚಿನವರು ವಿದ್ಯಾರ್ಥಿಗಳು, ಕಾಡಿನಲ್ಲೇ ಡೇರೆ ಹಾಕಿ ಮರ ಕಡಿಯುವವರಿಗೆ ಅಡ್ಡ ನಿಂತರು. 19ರಂದು ಪೊಲೀಸರು ಲಾಠಿ ಬೀಸಿದರು, ಹಲವರು ಗಾಯಗೊಂಡರು. ಅದೇ ಸಂಜೆ ವಿಯೆನ್ನಾದ ಬೀದಿಗಳಲ್ಲಿ ಸಾವಿರಾರು ಜನ ಮೆರವಣಿಗೆ ಹೊರಟರು. ಕೊನೆಗೆ ಪ್ರಧಾನಿ ಫ್ರೆಡ್ ಸಿನೋವಾಟ್ಸ್ ಕ್ರಿಸ್‌ಮಸ್ ವಿರಾಮ ಘೋಷಿಸಿದರು. ಜನವರಿಯಲ್ಲಿ ನ್ಯಾಯಾಲಯ ಮರ ಕಡಿಯುವುದನ್ನು ತಡೆಯಿತು. ನನ್ನ ಮಗಳ ಪಕ್ಕದ ಮನೆಯ ಅಜ್ಜಿ ಅಲ್ಲಿದ್ದವರು. ಕಾಲ್ಬೆರಳು ಮರಗಟ್ಟಿದ್ದನ್ನು, ಹತ್ತಿರದ ಹಳ್ಳಿಯಿಂದ ಯಾರೋ ದೊಡ್ಡ ಪಾತ್ರೆಯಲ್ಲಿ ಬಿಸಿ ಚಹಾ ತಂದದ್ದನ್ನು ನಿನ್ನೆ ಮೊನ್ನೆ ನಡೆದದ್ದೆಂಬಂತೆ ಹೇಳುತ್ತಾರೆ.

ಆದರೆ ಅಣೆಕಟ್ಟು ನಿಂತಿತು, ಕಾಡು ಉಳಿಯಿತು ಎಂದು ಕಥೆ ಮುಗಿಸಿದರೆ ತಮ್ಮಂಥ ಎಂಜಿನಿಯರರಿಗೆ ನಾನು ಅರ್ಧ ಸತ್ಯ ಹೇಳಿದಂತೆ. ಮೇಲಿನ ಅಣೆಕಟ್ಟುಗಳು ನೀರನ್ನು ಬಿಡುತ್ತವೆ, ಜಲ್ಲಿಯನ್ನು ಬಿಡುವುದಿಲ್ಲ. ಹಿಂದೆ ಆಲ್ಪ್ಸ್‌ನಿಂದ ಉರುಳಿಕೊಂಡು ಬರುತ್ತಿದ್ದ ಉರುಟು ಕಲ್ಲುಗಳು ಈಗ ಜಲಾಶಯಗಳ ತಳದಲ್ಲಿ ಉಳಿಯುತ್ತವೆ. ಹೊರೆಯಿಲ್ಲದ ನೀರು ಹಸಿದ ನೀರು. ವಿಯೆನ್ನಾದ ಕೆಳಗೆ ಅದು ತನ್ನ ತಳವನ್ನೇ ಕೆರೆದು ಒಯ್ಯುತ್ತದೆ, ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್. ಮೂವತ್ತು ನಲವತ್ತು ವರ್ಷಕ್ಕೆ ಎಷ್ಟಾಯಿತು, ತಾವೇ ಲೆಕ್ಕ ಹಾಕಿ. ನದಿ ಕೆಳಗಿಳಿದರೆ ಅಂತರ್ಜಲ ಇಳಿಯುತ್ತದೆ, ಪಕ್ಕದ ಕಾಲುವೆಗಳಿಗೆ ನೀರು ಹತ್ತುವುದಿಲ್ಲ, ಮುಳುಗಿ ಏಳಬೇಕಾದ ಕಾಡು ಒಣಗುತ್ತದೆ. ಅದಕ್ಕೇ ವಿಯೆನ್ನಾದ ಫ್ರಾಯ್ಡೆನಾವ್ ವಿದ್ಯುದಾಗಾರದ ಕೆಳಗೆ ದೋಣಿಗಳಲ್ಲಿ ಜಲ್ಲಿ ತಂದು ನದಿಗೆ ಸುರಿಯುತ್ತಾರೆ. ಪ್ರತಿ ವರ್ಷವೂ, ನಿಲ್ಲಿಸುವ ಹಾಗಿಲ್ಲ. ಈ ಖರ್ಚನ್ನು ಜಲವಿದ್ಯುತ್ತಿನ ಲೆಕ್ಕಕ್ಕೆ ಬರೆಯಬೇಕು ಎಂಬುದಷ್ಟೇ ನನ್ನ ವಿನಂತಿ.

ಅಣೆಕಟ್ಟಿನಿಂದ ಮೀನುಗಳಿಗೆ ಏನಾಗಿದೆ?
– ಕೆರೆ ಮೀನು ಸಾಕಣೆದಾರರು, ಕೆ.ಆರ್. ಪೇಟೆ

ಒಂದು ಮೀನಿನ ಮಾತು ಹೇಳಿದರೆ ಸಾಕು. ಸ್ಟರ್ಜನ್ ಎಂಬುದು ಡೈನೋಸಾರ್‌ಗಳ ಕಾಲದ ವಂಶ. ಮೈಮೇಲೆ ಹುರುಪೆಗಳ ಬದಲು ಐದು ಸಾಲು ಎಲುಬಿನ ಗುಬಟುಗಳು, ಮೂತಿಯ ಕೆಳಗೆ ನಾಲ್ಕು ಮೀಸೆ, ಹಲ್ಲಿಲ್ಲದ ಬಾಯಿ. ಅದರಲ್ಲಿ ಬೆಲೂಗಾ ಎಂಬ ಜಾತಿ ಆರು ಮೀಟರಿಗೂ ಹೆಚ್ಚು ಬೆಳೆಯಬಲ್ಲದು, ಟನ್‌ಗಟ್ಟಲೆ ತೂಗಿದ ದಾಖಲೆಗಳಿವೆ. ಬದುಕುವುದು ಸಮುದ್ರದಲ್ಲಿ, ಮೊಟ್ಟೆಯಿಡುವುದು ನದಿಯ ಜಲ್ಲಿ ತಳದಲ್ಲಿ. ಹಿಂದೆ ಕಪ್ಪು ಸಮುದ್ರದಿಂದ ವಿಯೆನ್ನಾದ ಆಚೆಯವರೆಗೂ ಈಜಿ ಬರುತ್ತಿತ್ತು.

ರೊಮೇನಿಯಾ, ಸರ್ಬಿಯಾ ಗಡಿಯಲ್ಲಿ ನದಿ ಕಾರ್ಪೇಥಿಯನ್ ಬೆಟ್ಟಗಳನ್ನು ಸೀಳಿಕೊಂಡು ಹೋಗುವ ಕಮರಿಗೆ ‘ಕಬ್ಬಿಣದ ಬಾಗಿಲು’ ಎಂದು ಹೆಸರು. 1972ರಲ್ಲಿ ಅಲ್ಲಿ ಒಂದು ಅಣೆಕಟ್ಟು, 1984ರಲ್ಲಿ ಅದರ ಕೆಳಗೆ ಇನ್ನೊಂದು. ಬೆಲೂಗಾದ ಹಾದಿ ಅಲ್ಲಿಗೆ ಮುಗಿಯಿತು. ಹೆಣ್ಣು ಬೆಲೂಗಾ ಬೆದೆಗೆ ಬರಲು ಹದಿನೈದು ವರ್ಷಕ್ಕೂ ಹೆಚ್ಚು ಬೇಕು. ಮರಿ ಮಾಡುವ ಮೊದಲೇ ಮೊಟ್ಟೆಯ ಆಸೆಗೆ ಹಿಡಿದರೆ ವಂಶ ಉಳಿಯುವುದು ಹೇಗೆ? ಅದರ ಮೊಟ್ಟೆಯೇ ಕ್ಯಾವಿಯಾರ್ ಎಂಬ ದುಬಾರಿ ತಿನಿಸು. 2006ರಲ್ಲಿ ರೊಮೇನಿಯಾ ಸ್ಟರ್ಜನ್ ಹಿಡಿಯುವುದನ್ನು ನಿಷೇಧಿಸಿತು.

ಇದೇ ವಂಶದ ಸಣ್ಣ ಜಾತಿ ಸ್ಟರ್ಲೆಟ್. ಅದು ಸಮುದ್ರಕ್ಕೆ ಹೋಗುವುದೇ ಇಲ್ಲ. ವಿಯೆನ್ನಾದಲ್ಲಿ ನದಿಗೆ ಬಿಡಲೆಂದು ಸಾಕಿದ್ದ ಅದರ ಮರಿಗಳನ್ನು ತೊಟ್ಟಿಯಲ್ಲಿ ನೋಡಿದೆ. ಬೆರಳುದ್ದದ ಮರಿ, ಆದರೂ ಬೆನ್ನಿನ ಮೇಲೆ ಗರಗಸದ ಹಲ್ಲಿನಂತೆ ಗುಬಟುಗಳು ಆಗಲೇ ಮೂಡಿದ್ದವು.

ನಮ್ಮ ಊರು ಕೊಕ್ಕರೆಬೆಳ್ಳೂರಿನ ಪಕ್ಕ. ಡ್ಯಾನ್ಯೂಬ್ ಸಮುದ್ರ ಸೇರುವಲ್ಲಿಯೂ ಹೆಜ್ಜಾರ್ಲೆಗಳಿವೆಯಂತೆ, ಹೌದೇ?
– ರೈತ ಮಹಿಳೆ, ಮದ್ದೂರು ತಾಲ್ಲೂಕು

ಹೌದಮ್ಮ, ಆದರೆ ಜಾತಿ ಬೇರೆ. ನಿಮ್ಮೂರಿನದು ಚುಕ್ಕೆ ಕೊಕ್ಕಿನದು. ಅಲ್ಲಿರುವುದು ದೊಡ್ಡ ಬಿಳಿ ಹೆಜ್ಜಾರ್ಲೆ ಮತ್ತು ಅದಕ್ಕಿಂತಲೂ ದೊಡ್ಡದಾದ, ತಲೆಯ ಮೇಲೆ ಗುಂಗುರು ಗರಿಯ ಡಾಲ್ಮೇಷಿಯನ್ ಹೆಜ್ಜಾರ್ಲೆ. ಬಿಳಿಯವು ಚಳಿಗಾಲಕ್ಕೆ ಆಫ್ರಿಕಾ ಕಡೆ ಹಾರಿಹೋಗುತ್ತವೆ.

ಕಳೆದ ವರ್ಷ ಮಗಳೊಂದಿಗೆ ತುಲ್ಚಾ ಎಂಬ ಪಟ್ಟಣದಿಂದ ದೋಣಿ ಹತ್ತಿ ಆ ನದೀಮುಖಜ ಭೂಮಿಯೊಳಗೆ ಹೋಗಿದ್ದೆ. ನದಿ ಮೂರು ಕವಲಾಗಿ ಒಡೆದು, 4,000 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರದಲ್ಲಿ ಜೊಂಡು, ಸರೋವರ, ಮರಳಿನ ದಿಬ್ಬಗಳಾಗಿ ಹರಡಿಕೊಂಡಿದೆ. ಬಹುಪಾಲು ರೊಮೇನಿಯಾದ್ದು, ಉತ್ತರದ ಅಂಚು ಉಕ್ರೇನ್‌ದು. ನಿಮ್ಮಲ್ಲಿ ಹೆಜ್ಜಾರ್ಲೆ ಹುಣಸೆಮರದ ಮೇಲೆ, ಮನೆಯ ಹೆಂಚಿನ ಪಕ್ಕದಲ್ಲೇ ಗೂಡು ಕಟ್ಟುತ್ತದೆ. ಅಲ್ಲಿ ಮರದ ಮಾತೇ ಇಲ್ಲ. ಒಣಗಿದ ಜೊಂಡಿನ ಬೇರುಗಳು ಹೆಣೆದುಕೊಂಡು ಚಾಪೆಯಂತೆ ತೇಲುತ್ತವೆ, ಅದರ ಮೇಲೇ ಸಾವಿರಾರು ಹಕ್ಕಿಗಳ ಸಂಸಾರ. ಆ ಜಾಗಕ್ಕೆ ದೋಣಿಗಳನ್ನು ಬಿಡುವುದಿಲ್ಲ. ನಾವು ಕಂಡದ್ದು ಮೀನು ಹಿಡಿಯುವುದನ್ನು: ಇಪ್ಪತ್ತು ಮೂವತ್ತು ಹಕ್ಕಿಗಳು ಅರ್ಧಚಂದ್ರಾಕಾರದಲ್ಲಿ ಈಜುತ್ತ, ಮೀನುಗಳನ್ನು ಆಳವಿಲ್ಲದ ಕಡೆಗೆ ಅಟ್ಟಿ, ಎಲ್ಲವೂ ಒಟ್ಟಿಗೆ ತಲೆ ಮುಳುಗಿಸಿದವು.

ಅಲ್ಲಿಯೂ ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಬದುಗಳನ್ನು ಕಟ್ಟಿ, ಜೊಂಡಿನ ದ್ವೀಪಗಳನ್ನು ಒಣಗಿಸಿ ಹೊಲ ಮಾಡಹೊರಟಿದ್ದರು. 1994ರಲ್ಲಿ ಬಬೀನಾ ದ್ವೀಪದ, 1996ರಲ್ಲಿ ಚೆರ್ನೋವ್ಕಾ ದ್ವೀಪದ ಬದುಗಳನ್ನು ಒಡೆದು ನೀರು ಬಿಟ್ಟರು. ಕೆಲವೇ ವರ್ಷಗಳಲ್ಲಿ ಜೊಂಡು ಬಂತು, ಮೀನು ಬಂತು, ಹಿಂದೆಯೇ ಹಕ್ಕಿಗಳು.

ಅಜ್ಜಿ, ಆ ನದಿ ಶಬ್ದ ಮಾಡುತ್ತದಾ?
– ಐದನೇ ತರಗತಿ ಬಾಲಕ, ತೀರ್ಥಹಳ್ಳಿ

ಮಾಡುತ್ತದೆ ಮಗು. ಆದರೆ ದಡದಲ್ಲಿ ನಿಂತರೆ ಕೇಳುವುದಿಲ್ಲ. ಓರ್ಟ್ ಎಂಬ ಊರಿನಿಂದ ರಬ್ಬರ್ ದೋಣಿಯಲ್ಲಿ ಹೊರಟಿದ್ದೆವು. ನಡು ನದಿಯಲ್ಲಿ ದೋಣಿ ನಡೆಸುವ ಹುಡುಗಿ ಎಲ್ಲರಿಗೂ ಮಾತು ನಿಲ್ಲಿಸಲು ಹೇಳಿದಳು. ಹುಟ್ಟಿನ ಅಲಗನ್ನು ನೀರಿನಲ್ಲಿ ಇಳಿಬಿಟ್ಟು, ಹಿಡಿಯನ್ನು ನನ್ನ ಕಿವಿಗೆ ಒತ್ತಿ ಹಿಡಿದಳು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಬಾಣಲೆಯಲ್ಲಿ ಸಾಸಿವೆ ಸಿಡಿಯುವುದಕ್ಕೆ ಮೊದಲಿನಂಥ ಸಣ್ಣ ಚುರುಚುರು ಸದ್ದು, ನಿಲ್ಲದೆ. ‘ಅದು ಜಲ್ಲಿ’ ಎಂದಳು. ನಮ್ಮ ಕೆಳಗೆ, ಕತ್ತಲೆಯ ತಳದಲ್ಲಿ, ಕಲ್ಲುಗಳು ಒಂದಕ್ಕೊಂದು ತಾಗುತ್ತ ಹಂಗೇರಿಯ ಕಡೆಗೆ ಉರುಳುತ್ತಿದ್ದವು.